ಗಡಿಯಾಚೆ ಕೊಟ್ಟ ಮಗಳು

ಛಟ್ಟಿ ಅಮಾವಾಸ್ಯೆ ಹತ್ತಿರ ಬಂತೆಂದರೆ ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯ ಹಾದಿಗಳನ್ನು ನೀವು ನೋಡಬೇಕು. ಹೆಂಗಸರು ಗುಂಪುಗುಂಪಾಗಿ ಗುಡ್ಡಾಪುರದ ದಾನಮ್ಮದೇವಿಗೆ ನಡೆದುಕೊಂಡು ಹೊರಟಿರುತ್ತಾರೆ. ಬಗಲಲ್ಲಿ ಕೂಸು, ತಲೆಯ ಮೇಲೆ ಬುತ್ತಿಯ ಗಂಟು. ಗಂಟಿನೊಳಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಬಾಯಲ್ಲಿ ದಾನಮ್ಮನ ಹಾಡು. ಈ ದಾನಮ್ಮ ಹುಟ್ಟಿದ್ದು ಉಮರಾಣಿಯಲ್ಲಿ, ನೆಲೆಸಿದ್ದು ಗುಡ್ಡಾಪುರದಲ್ಲಿ. ಎರಡೂ ಊರು ಇಂದು ಮಹಾರಾಷ್ಟ್ರದಲ್ಲಿವೆ, ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ.

ಅಂದರೆ ನಡುವೆ ಎಲ್ಲೋ ಒಂದು ಕಡೆ ಕರ್ನಾಟಕ ಮುಗಿದು ಮಹಾರಾಷ್ಟ್ರ ಸುರುವಾಗುತ್ತದೆ. ಎಲ್ಲಿ ಅಂತ ಕೇಳಿದರೆ ಯಾತ್ರೆಯ ಹೆಂಗಸರು ನಗುತ್ತಾರೆ. “ಡಾಂಬರು ಬದಲಾತಲ್ರಿ, ಅಲ್ಲೇ ನೋಡ್ರಿ” ಎಂದು ಒಬ್ಬಾಕೆ ಹೇಳಿದಳು. ಅಷ್ಟೇ. ಅತ್ತಲಾಗೂ ಜೋಳದ ಹೊಲ, ಇತ್ತಲಾಗೂ ಜೋಳದ ಹೊಲ. ಉಮದಿ, ಸಂಖ, ತಿಕ್ಕುಂಡಿ, ಬಿಳೂರು ಎಂಬ ಆ ಕಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡವೇ. ಬಿಜ್ಜರಗಿ, ಕನಮಡಿ, ಬಾಬಾನಗರ, ಹೊನವಾಡದ ಹೆಣ್ಣುಮಕ್ಕಳು ಅಲ್ಲಿಗೆ ಸೊಸೆಯಾಗಿ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ಇದು ಇಂದು ನಿನ್ನೆಯ ಮಾತಲ್ಲ.

ಹಾಗಾದರೆ ಗಡಿ ಕಾಣಿಸುವುದು ಎಲ್ಲಿ? ಹೊಲದಲ್ಲಿ ಅಲ್ಲ, ಗುಡಿಯಲ್ಲಿ ಅಲ್ಲ. ನಿಮ್ಮ ಮನೆಯ ಟ್ರಂಕಿನಲ್ಲಿ! ಮಗಳ ಶಾಲೆಯ ದಾಖಲಾ, ರೇಶನ್ ಕಾರ್ಡು, ಜಾತಿಯ ಸರ್ಟಿಫಿಕೇಟು, ತಾಯಿ ಕಾರ್ಡು ಇವುಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೀರೆಗಳ ಕೆಳಗೆ ಇಟ್ಟಿರುತ್ತೀರಲ್ಲ, ಅಲ್ಲಿ. ಹೆಣ್ಣು ಕೊಡುವಾಗ ಜಾತಕ ನೋಡುತ್ತೇವೆ, ಹೊಲ ಎಷ್ಟು ಎಕರೆ, ಬಾವಿಗೆ ನೀರು ಇದೆಯೇ ಎಂದು ಕೇಳುತ್ತೇವೆ. ಈ ಚೀಲದ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಆಮೇಲೆ ಎರಡು ವರ್ಷಕ್ಕೆ ಮಗಳು ಕೂಸನ್ನೆತ್ತಿಕೊಂಡು ಬಂದು, “ಯವ್ವಾ, ಅಲ್ಲಿ ನನ್ನ ಹೆಸರು ಹತ್ತವಲ್ದು, ಇಲ್ಲಿದು ತಗದಾರ” ಎಂದು ಕಣ್ಣೀರು ಹಾಕುತ್ತಾಳೆ. ಅದಕ್ಕೇ ಈ ಲೇಖನ.

ಗಡಿ ಎಲ್ಲಿಂದ ಬಂತು?

ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಕೇಳಿ ನೋಡಿ. ಅವರು ಮುಂಬಯಿ ಸರಕಾರದ ಕಾಲ ಎನ್ನುತ್ತಾರೆ, ಮುಲ್ಕಿ ಪರೀಕ್ಷೆಯ ಮಾತಾಡುತ್ತಾರೆ. ಆಗ ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಜತ್ತ ಎಂಬುದು ಡಫಳೆ ಮನೆತನದ ಸಣ್ಣ ಸಂಸ್ಥಾನ. 1948ರಲ್ಲಿ ಅದೂ ಮುಂಬಯಿ ಪ್ರಾಂತದಲ್ಲಿ ಕೂಡಿಕೊಂಡಿತು. ಹೀಗಾಗಿ ಕೆಲವು ವರ್ಷ ತಿಕೋಟಾ, ಜತ್ತ ಎರಡೂ ಒಂದೇ ಸರಕಾರದ ಕೆಳಗಿದ್ದವು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದಾಗ ಬಿಜಾಪುರ ಮೈಸೂರು ರಾಜ್ಯಕ್ಕೆ ಬಂತು, ಜತ್ತ ಅಲ್ಲೇ ಉಳಿಯಿತು. 1960ರಲ್ಲಿ ಮಹಾರಾಷ್ಟ್ರ ಆಯಿತು. 1973ರಲ್ಲಿ ಮೈಸೂರು ಹೋಗಿ ಕರ್ನಾಟಕ ಆಯಿತು, 2014ರಲ್ಲಿ ಬಿಜಾಪುರ ಹೋಗಿ ವಿಜಯಪುರ ಆಯಿತು. ಹೆಸರುಗಳು ಬದಲಾದವು, ಗೆರೆ ಮಾತ್ರ ಹಾಗೆಯೇ ಇದೆ.

ಈ ಗೆರೆ ಸರಿಯಿಲ್ಲವೆಂದು ಎರಡೂ ಕಡೆಯವರು ತಕರಾರು ತೆಗೆದರು. 1966ರಲ್ಲಿ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಆಯೋಗ ಕೂತಿತು, 1967ರಲ್ಲಿ ವರದಿ ಕೊಟ್ಟಿತು. ನಮ್ಮ ಕಡೆಯ 264 ಊರುಗಳು ಮಹಾರಾಷ್ಟ್ರಕ್ಕೆ, ಅವರ ಕಡೆಯ 247 ಊರುಗಳು ಮೈಸೂರಿಗೆ, ಬೆಳಗಾವಿ ಇದ್ದಲ್ಲಿಯೇ ಎಂದು ಹೇಳಿತು. ಮೈಸೂರಿಗೆ ಬರಬೇಕೆಂದ ಊರುಗಳಲ್ಲಿ ಜತ್ತ ತಾಲೂಕಿನ ಕನ್ನಡ ಹಳ್ಳಿಗಳೂ ಇದ್ದವು. ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಅದು ಸುಪ್ರೀಂ ಕೋರ್ಟಿಗೆ ಹೋಯಿತು, ದಾವೆ ಇನ್ನೂ ಇತ್ಯರ್ಥವಾಗಿಲ್ಲ. ದೊಡ್ಡವರ ಜಗಳ ದೊಡ್ಡವರಿಗಿರಲಿ. ನಮಗೆ ಬೇಕಾದದ್ದು ಅದರ ಕೆಳಗೆ ಸಂಸಾರ ನಡೆಸುವ ಬಗೆ.

ಒಂದು ಸೋಜಿಗ ನೋಡಿ. ಎಪ್ಪತ್ತು ವರ್ಷ ಹತ್ತಿರ ಬಂದರೂ ಮುಂಬಯಿ ಪ್ರಾಂತದ ಶಬ್ದಗಳು ನಮ್ಮ ನಾಲಿಗೆಯಿಂದ ಹೋಗಿಲ್ಲ. ಬೆಂಗಳೂರಿನವರು ಪಹಣಿ ಎನ್ನುತ್ತಾರೆ, ನಾವು ಉತಾರ ಎನ್ನುತ್ತೇವೆ. ಅವರಿಗೆ ಗ್ರಾಮ ಲೆಕ್ಕಿಗ, ನಮಗೆ ಇಂದಿಗೂ ತಲಾಠಿ. ಜತ್ತದಲ್ಲೂ ಅವನು ತಲಾಠಿಯೇ. ಶಬ್ದ ಒಂದೇ, ಆದರೆ ಈ ತಲಾಠಿ ಕೊಟ್ಟ ಕಾಗದ ಆ ತಲಾಠಿಗೆ ನಡೆಯುವುದಿಲ್ಲ!

ಬಿಲಾತಿಯವರ ಫಜೀತಿ

ಪತ್ರಿಕೆಯಲ್ಲಿ ‘ಬ್ರೆಕ್ಸಿಟ್’ ಎಂಬ ಶಬ್ದವನ್ನು ನೀವು ಓದಿರಬಹುದು, ರೇಡಿಯೋದಲ್ಲಿ ಕೇಳಿರಬಹುದು. ನಮಗೂ ಅದಕ್ಕೂ ಏನು ಸಂಬಂಧ ಎಂದು ಹಾಳೆ ತಿರುವಿ ಹಾಕಿದವರೇ ಹೆಚ್ಚು. ಇಲ್ಲಿ ಸ್ವಲ್ಪ ಸಂಬಂಧವಿದೆ, ಕೇಳಿ.

ಯುರೋಪಿನ ದೇಶಗಳು ಕೂಡಿ ಒಂದು ಒಕ್ಕೂಟ ಮಾಡಿಕೊಂಡಿವೆ. ಅದರೊಳಗಿನವರು ಒಂದು ದೇಶದಿಂದ ಇನ್ನೊಂದಕ್ಕೆ ಹೋಗಿ ಕೆಲಸ ಮಾಡಬಹುದು, ಮಕ್ಕಳನ್ನು ಓದಿಸಬಹುದು, ಸರಕು ಒಯ್ಯಬಹುದು, ಸುಂಕವಿಲ್ಲ. ಬ್ರಿಟನ್ ಅದರಲ್ಲಿ ಸೇರಿದ್ದು 1973ರ ಜನವರಿಯಲ್ಲಿ, ಅಂದರೆ ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ವರ್ಷವೇ. 2016ರ ಜೂನ್ 23ರಂದು ಅಲ್ಲಿಯ ಜನ ಮತ ಹಾಕಿ ಹೊರಗೆ ಬರುತ್ತೇವೆಂದರು. ನೂರಕ್ಕೆ 52 ಮಂದಿ ಹೌದು, 48 ಮಂದಿ ಬೇಡ. 2020ರ ಜನವರಿ 31ಕ್ಕೆ ಹೊರಬಂದದ್ದಾಯಿತು, 2021ರ ಜನವರಿ 1ರಿಂದ ಹೊಸ ಕಾಯಿದೆ ಜಾರಿಗೆ ಬಂತು.

ಆ ಜನವರಿಯಲ್ಲಿ ನಡೆದ ಒಂದು ಸಂಗತಿ ಟಿವಿಯಲ್ಲಿ ಜಗತ್ತೆಲ್ಲ ನೋಡಿತು. ಬ್ರಿಟನ್ನಿನಿಂದ ಹಡಗಿನಲ್ಲಿ ಬಂದು ಹಾಲೆಂಡಿನ ಬಂದರಿನಲ್ಲಿ ಇಳಿದ ಲಾರಿ ಡ್ರೈವರುಗಳ ಊಟದ ಪೊಟ್ಟಣವನ್ನು ಅಲ್ಲಿಯ ಕಸ್ಟಮ್ಸ್‌ನವರು ಕಸಿದುಕೊಂಡರು. ಬ್ರೆಡ್ಡಿನ ನಡುವೆ ಮಾಂಸವಿದೆ, ಹೊರದೇಶದ ಮಾಂಸ ಒಳಗೆ ಬರಕೂಡದು! “ಮಾಂಸ ತೆಗೆದು ಬ್ರೆಡ್ಡಾದರೂ ಕೊಡಿ” ಎಂದು ಒಬ್ಬ ಡ್ರೈವರ್ ಕೇಳಿದರೆ ಅದೂ ಇಲ್ಲ. ಬ್ರೆಕ್ಸಿಟ್‌ಗೆ ಸ್ವಾಗತ ಎಂದು ನಗುತ್ತಾ ಹೇಳಿ ಕಳಿಸಿದರು. ಹೋದ ತಿಂಗಳವರೆಗೆ ಅದೇ ಹಾದಿಯಲ್ಲಿ ಅದೇ ಬುತ್ತಿ ಒಯ್ದವನು ಅವನು. ನಮ್ಮ ಗುಡ್ಡಾಪುರದ ಹಾದಿಯಲ್ಲಿ ಯಾರಾದರೂ ರೊಟ್ಟಿಯ ಗಂಟು ಬಿಚ್ಚಿಸಿದರೆ ಹೇಗಿರುತ್ತದೆ, ಊಹಿಸಿಕೊಳ್ಳಿ.

ಬುತ್ತಿ ಹೋದರೆ ಹೋಗಲಿ, ನನಗೆ ಮರುಕ ಹುಟ್ಟಿದ್ದು ಬೇರೆ ಸಂಗತಿಗೆ. ಯುರೋಪಿನ ಎಷ್ಟೋ ಹೆಂಗಸರು ಬ್ರಿಟನ್ನಿನವರನ್ನು ಮದುವೆಯಾಗಿ ಇಪ್ಪತ್ತು ಮೂವತ್ತು ವರ್ಷದಿಂದ ಅಲ್ಲಿ ಸಂಸಾರ ಮಾಡುತ್ತಿದ್ದರು. ಅವರೆಲ್ಲ 2021ರ ಜೂನ್ 30ರೊಳಗೆ ಅರ್ಜಿ ಹಾಕಿ, ತಾವು ಇಲ್ಲಿಯೇ ಇದ್ದೇವೆಂದು ಕಾಗದದಿಂದ ರುಜುವಾತು ಮಾಡಬೇಕಾಯಿತು. ನೌಕರಿ ಮಾಡಿದವರಿಗೆ ಸಂಬಳದ ಚೀಟಿ ಇತ್ತು. ಮನೆಯಲ್ಲಿದ್ದು ಮಕ್ಕಳನ್ನು ಸಾಕಿದವಳು ಏನು ತೋರಿಸಬೇಕು? ಬಾಡಿಗೆ ಚೀಟಿ ಗಂಡನ ಹೆಸರಿನಲ್ಲಿ, ಕರೆಂಟು ಬಿಲ್ಲು ಗಂಡನ ಹೆಸರಿನಲ್ಲಿ. ನಮ್ಮ ಹೆಣ್ಣುಮಕ್ಕಳ ಪಾಡೂ ಇದೇ ಅಲ್ಲವೇ?

ಹಾಗೆಯೇ ಓದು. ಅದುವರೆಗೆ ಯುರೋಪಿನ ವಿದ್ಯಾರ್ಥಿಗಳಿಗೆ ಬ್ರಿಟನ್ನಿನಲ್ಲಿ ಊರ ಮಕ್ಕಳ ಫೀಯೇ ಇತ್ತು. 2021ರ ಶೈಕ್ಷಣಿಕ ವರ್ಷದಿಂದ ಹೊಸದಾಗಿ ಸೇರುವವರು ಪರದೇಶದವರ ಫೀ ಕೊಡಬೇಕಾಯಿತು. ಐರ್ಲೆಂಡಿನ ನಡುವೆ ಹಾಯುವ ಸುಮಾರು 500 ಕಿಲೋಮೀಟರ್ ಗಡಿಯಲ್ಲಿ ಮಾತ್ರ ತಪಾಸಣೆ ಕೂಡದೆಂದು ಎರಡೂ ಕಡೆಯವರು ಪಟ್ಟುಹಿಡಿದು ಉಳಿಸಿಕೊಂಡರು. ಅಲ್ಲಿ ಮನೆ ಇತ್ತ, ಕೆಲಸ ಅತ್ತ, ಮಕ್ಕಳ ಶಾಲೆ ಮತ್ತೊಂದು ಕಡೆ. ಜತ್ತ-ತಿಕೋಟಾದ ಹಾಗೆ.

ನಮ್ಮದು ಒಂದೇ ದೇಶ, ಬುತ್ತಿ ಬಿಚ್ಚಿಸುವವರಿಲ್ಲ. ಬಿಚ್ಚಿಸಿದ ಕಾಲ ಬಂದೇ ಇಲ್ಲ ಎನ್ನುವ ಹಾಗೂ ಇಲ್ಲ. ಕೊರೋನಾ ನೆನಪಿದೆಯಲ್ಲ? 2020ರಲ್ಲಿ ಗಡಿಯ ಹಾದಿಗಳಿಗೆ ಅಡ್ಡಗಟ್ಟೆ ಬಿತ್ತು. 2021ರಲ್ಲಿ ಮಹಾರಾಷ್ಟ್ರದಿಂದ ಬರುವವರು ಮೂಗಿನ ದ್ರವದ ಪರೀಕ್ಷೆ ಮಾಡಿಸಿ ಚೀಟಿ ತರಬೇಕೆಂದಾಯಿತು. ನಾಗರ ಪಂಚಮಿಗೆ ತವರಿಗೆ ಬರುವುದಕ್ಕೆ ಡಾಕ್ಟರ ಚೀಟಿ! ಇಲ್ಲೊಂದು ಗಡಿ ಇದೆ ಎಂದು ಎಷ್ಟೋ ಮುದುಕಿಯರಿಗೆ ಗೊತ್ತಾದದ್ದೇ ಆಗ.

ಮದುವೆಯ ಮರುದಿನದಿಂದ

ಈಗ ಮುಖ್ಯ ವಿಷಯಕ್ಕೆ ಬರೋಣ. ನಿಮ್ಮ ಮಗಳನ್ನು ತಿಕೋಟಾದಿಂದ ಜತ್ತ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿರಿ ಎಂದಿಟ್ಟುಕೊಳ್ಳಿ. ಮೋಟರ್ ಸೈಕಲ್ಲಿನ ಮೇಲೆ ಗಳಿಗೆಯ ಹಾದಿ. ಆದರೆ ಅವಳ ಕಾಗದಪತ್ರ ಇನ್ನೊಂದು ಸರಕಾರಕ್ಕೆ ಹೋಗಬೇಕು.

ಮೊದಲನೆಯದು ರೇಶನ್ ಕಾರ್ಡು. ಇಲ್ಲಿ ಹೆಸರು ತೆಗೆಸಿದ ದಾಖಲೆ ಇಲ್ಲದೆ ಅಲ್ಲಿ ಹೆಸರು ಸೇರಿಸಲು ತೊಡಕು. “ಈಗ್ಯಾಕ ತೆಗಸೂದು, ಇರ್ಲಿ ಬಿಡು, ನಾಲ್ಕು ಕಿಲೋ ಅಕ್ಕಿ ಬರ್ತದ” ಎಂದು ತವರಿನವರು ಸುಮ್ಮನಿರುತ್ತಾರೆ. ಆ ಅಕ್ಕಿಯ ಆಸೆಗೆ ಮಗಳ ಎಷ್ಟೋ ಕೆಲಸ ಅಲ್ಲಿ ನಿಲ್ಲುತ್ತದೆ. ಒಂದು ದೇಶ ಒಂದು ರೇಶನ್ ಕಾರ್ಡು ಎಂಬ ಏರ್ಪಾಡು ಬಂದ ಮೇಲೆ ಬೇರೆ ರಾಜ್ಯದಲ್ಲಿಯೂ ಹೆಬ್ಬೆರಳು ಒತ್ತಿ ಧಾನ್ಯ ಪಡೆಯಬಹುದು, ನಿಜ. ಆದರೆ ಅದು ಕೇಂದ್ರ ಸರಕಾರ ಕೊಡುವ ಪಾಲಿಗೆ ಮಾತ್ರ. ರಾಜ್ಯದವರು ಮೇಲೆ ಸೇರಿಸಿ ಕೊಡುವುದು ಆ ರಾಜ್ಯದಲ್ಲೇ ಸಿಗುತ್ತದೆ.

ಇನ್ನು ತಿಂಗಳ ಹಣದ ಮಾತು. ಕರ್ನಾಟಕದಲ್ಲಿ 2023ರ ಆಗಸ್ಟಿನಿಂದ ಗೃಹಲಕ್ಷ್ಮಿ ಬಂತು. ರೇಶನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದು ಯಾರ ಹೆಸರಿದೆಯೋ ಆಕೆಗೆ ತಿಂಗಳಿಗೆ 2000 ರೂಪಾಯಿ. ಮಹಾರಾಷ್ಟ್ರದಲ್ಲಿ 2024ರಲ್ಲಿ ‘ಲಾಡ್ಕಿ ಬಹೀಣ’ ಎಂಬ ಯೋಜನೆ ಹೊರಟಿತು. 21ರಿಂದ 65 ವರ್ಷದೊಳಗಿನ, ವರ್ಷಕ್ಕೆ ಎರಡೂವರೆ ಲಕ್ಷದೊಳಗೆ ಆದಾಯವುಳ್ಳ ಮನೆಯ ಹೆಂಗಸರಿಗೆ ತಿಂಗಳಿಗೆ 1500. ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ನಮ್ಮಲ್ಲಿ ಹಣ ಅತ್ತೆಗೆ ಬರುತ್ತದೆ, ಏಕೆಂದರೆ ಯಜಮಾನಿ ಅತ್ತೆ. ಅಲ್ಲಿ ಸೊಸೆಗೂ ದಾರಿ ಇದೆ. ಅತ್ತೆ-ಸೊಸೆಯರ ನಡುವೆ ಇದರಿಂದ ಏನೇನಾಗಿದೆ ಎಂಬುದನ್ನು ನಾನು ಬರೆಯಹೋದರೆ ಈ ಸಂಚಿಕೆ ಸಾಲದು!

‘ನಾನು ಕರ್ನಾಟಕದಲ್ಲಿ ಹುಟ್ಟಿದವಳು, ನನಗೆ ಕೊಡ್ತಾರೇನು?’ ಎಂದು ಜತ್ತದ ಕಡೆಯ ಸೊಸೆಯಂದಿರು ಹಿಂದೆ ಸರಿದದ್ದುಂಟು. ಅದಕ್ಕೆ ಉತ್ತರವಿದೆ. ಹೊರರಾಜ್ಯದಲ್ಲಿ ಹುಟ್ಟಿ ಮಹಾರಾಷ್ಟ್ರದ ನಿವಾಸಿಯನ್ನು ಮದುವೆಯಾದವಳು ಗಂಡನ ಜನನ ದಾಖಲೆ, ಶಾಲೆಯ ದಾಖಲಾ ಅಥವಾ ರಹಿವಾಸಿ ಪತ್ರ ತೋರಿಸಿದರೆ ಆಗುತ್ತದೆಂದು ಆ ಸರಕಾರವೇ 2024ರಲ್ಲಿ ಸಡಿಲ ಮಾಡಿತು. ಆದರೆ ಎರಡು ಕಡೆಯೂ ಹೆಸರು ಇಟ್ಟುಕೊಂಡು ಎರಡು ಕಡೆಯೂ ಹಣ ತೆಗೆದುಕೊಳ್ಳುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಆಧಾರ ಕಾರ್ಡು ಒಂದೇ, ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತದೆ, ತೆಗೆದುಕೊಂಡದ್ದನ್ನು ತಿರುಗಿ ಕಟ್ಟಬೇಕಾಗುತ್ತದೆ.

ಬಸ್ಸಿನಲ್ಲಿಯೂ ಇದೇ ಆಟ. 2023ರ ಜೂನ್ 11ರಿಂದ ನಮ್ಮ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೀಟಿಲ್ಲ, ಆದರೆ ಗುರುತಿನ ಕಾರ್ಡಿನಲ್ಲಿ ಕರ್ನಾಟಕದ ವಿಳಾಸವಿರಬೇಕು. ಮಗಳ ಆಧಾರ ಕಾರ್ಡಿನ ವಿಳಾಸ ಅತ್ತೆಮನೆಗೆ ಬದಲಾದ ದಿನದಿಂದ ತಿಕೋಟಾದಿಂದ ವಿಜಯಪುರಕ್ಕೆ ಹೋಗುವ ಸುಮಾರು 20 ಕಿಲೋಮೀಟರಿಗೂ ಆಕೆ ಟಿಕೀಟು ತೆಗೆಸಬೇಕು. ತವರಿನ ಬಸ್ಸಿನಲ್ಲೇ ಪರಕೀಯಳಾದಳು ಪಾಪ! ಅತ್ತ, 2023ರ ಮಾರ್ಚ್ 17ರಿಂದ ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಲ್ಲಿ ಹೆಂಗಸರಿಗೆಲ್ಲ ಅರ್ಧ ಟಿಕೀಟು, ಅದು ಅವರ ಗಡಿಯವರೆಗೆ. ಬಸ್ಸಿನ ಟಿಕೀಟಿನ ಸಲುವಾಗಿ ಆಧಾರ ಬದಲಿಸದೆ ಕೂತವರನ್ನು ನೋಡಿದ್ದೇನೆ. ನನ್ನ ಅಭಿಪ್ರಾಯ ಕೇಳಿದರೆ, ಸಂಸಾರ ಎಲ್ಲಿದೆಯೋ ವಿಳಾಸ ಅಲ್ಲಿರಲಿ. ಟಿಕೀಟಿನ ರೊಕ್ಕಕ್ಕಿಂತ ದೊಡ್ಡ ಕೆಲಸಗಳು ಆ ವಿಳಾಸದ ಮೇಲೆ ನಿಂತಿವೆ.

ಹೆಸರಿನ ಗೊಂದಲ ಒಂದಿದೆ, ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಇಲ್ಲಿ ಶಾಂತವ್ವ ಎಂದು ದಾಖಲೆಯಾದವಳು ಅಲ್ಲಿ ಶಾಂತಾಬಾಯಿ ಆಗುತ್ತಾಳೆ. ಇಲ್ಲಿ ಅವಳ ಹೆಸರಿನ ಮುಂದೆ ತಂದೆಯ ಹೆಸರು, ಅಲ್ಲಿಯ ಪದ್ಧತಿಯಂತೆ ಗಂಡನ ಹೆಸರು, ಅಡ್ಡಹೆಸರು. ಕನ್ನಡದ ಹ್ರಸ್ವ ಎಕಾರ ಒಕಾರಗಳಿಗೆ ಮರಾಠಿಯ ಲಿಪಿಯಲ್ಲಿ ಬೇರೆ ಅಕ್ಷರವಿಲ್ಲ. ಬರೆಯುವವನು ಕಿವಿಗೆ ಬಿದ್ದ ಹಾಗೆ ಬರೆದುಬಿಡುತ್ತಾನೆ, ಇಂಗ್ಲಿಷಿನಲ್ಲಿ ಮತ್ತೊಂದು ಆಗುತ್ತದೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಒಂದು, ಆಧಾರದಲ್ಲಿ ಇನ್ನೊಂದು. ಕಡೆಗೆ ತವರಿನ ಆಸ್ತಿಯಲ್ಲಿ ಪಾಲು ಬಂದಾಗ ಈ ಶಾಂತಾಬಾಯಿಯೇ ಆ ಶಾಂತವ್ವ ಎಂದು ವಕೀಲರ ಮುಂದೆ ಪ್ರಮಾಣ ಮಾಡಬೇಕು. ಮದುವೆ ಆದೊಡನೆ ನೋಂದಣಿ ಮಾಡಿಸಿ, ಆ ಪತ್ರದಲ್ಲಿ ತವರಿನ ಹೆಸರು, ಈಗಿನ ಹೆಸರು ಎರಡನ್ನೂ ಬರೆಸಿ ಇಟ್ಟುಕೊಂಡರೆ ಮುಂದೆ ಅರ್ಧ ತ್ರಾಸು ತಪ್ಪುತ್ತದೆ.

ಜಾತಿಯ ಪತ್ರದ ವಿಷಯ ಇನ್ನೂ ನಾಜೂಕು. ನಮ್ಮ ಭಾಗದಲ್ಲಿ ತಾಂಡಾಗಳು ಬಹಳ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಅದೇ ಮಂದಿ ಮಹಾರಾಷ್ಟ್ರದಲ್ಲಿ ಬಂಜಾರ ಎಂದು ವಿಮುಕ್ತ ಜಾತಿಯ ಪಟ್ಟಿಯಲ್ಲಿದ್ದಾರೆ. ನಮ್ಮಲ್ಲಿ ಕುರುಬರು ಪ್ರವರ್ಗ 2ಎ, ಅಲ್ಲಿ ಧನಗರರು ಅಲೆಮಾರಿ ಜಾತಿಯ ಒಂದು ವರ್ಗ. ಒಂದೇ ಕುಲ, ಒಂದೇ ದೇವರು, ಒಂದೇ ಉಡುಗೆ, ಸರಕಾರದ ಪುಸ್ತಕದಲ್ಲಿ ಮಾತ್ರ ಬೇರೆ ಬೇರೆ. ತಾಂಡಾದ ಹುಡುಗಿಯೊಬ್ಬಳು ಇಲ್ಲಿ ಡಿ.ಎಡ್. ಓದಿ, ಪರಿಶಿಷ್ಟ ಜಾತಿಯಲ್ಲಿ ನೌಕರಿ ಹಿಡಿಯುತ್ತೇನೆಂದು ನಂಬಿ, ಗಡಿಯಾಚೆ ಮದುವೆಯಾದಳೆನ್ನಿ. ಅಲ್ಲಿಯ ನೌಕರಿಗೆ ಅವಳ ಈ ಪತ್ರ ನಡೆಯುವುದಿಲ್ಲ. ಅವಳ ಮಕ್ಕಳಿಗೆ ತಂದೆಯ ರಾಜ್ಯದ ಲೆಕ್ಕವೇ. ಹಾಗೆಂದು ಮದುವೆ ಬೇಡವೆಂದು ನಾನು ಹೇಳುತ್ತಿಲ್ಲ. ಓದಿದ ಹುಡುಗಿಯಾದರೆ ನಿಶ್ಚಯಕ್ಕೆ ಮೊದಲು ಅವಳಿಗೇ ಇದನ್ನು ತಿಳಿಸಿ, ಅವಳೇ ವಿಚಾರ ಮಾಡಲಿ ಎನ್ನುತ್ತೇನೆ.

ತವರಿನಿಂದ ಸ್ಕೂಟಿ ಕೊಟ್ಟು ಕಳಿಸುವುದು ಈಗಿನ ರೂಢಿ. ಅದರ ಮೇಲೆ ಕೆ.ಎ. 28 ಎಂದಿರುತ್ತದೆ, ಅದು ವಿಜಯಪುರದ ನಂಬರು. ಸಾಂಗಲಿ ಜಿಲ್ಲೆಯದು ಎಂ.ಎಚ್. 10. ಒಂದು ವರ್ಷಕ್ಕಿಂತ ಹೆಚ್ಚು ಆ ರಾಜ್ಯದಲ್ಲಿ ಇಟ್ಟುಕೊಂಡರೆ ನಂಬರು ಬದಲಿಸಿ ಅಲ್ಲಿಯ ತೆರಿಗೆ ಕಟ್ಟಬೇಕೆಂದು ಕಾಯಿದೆ. ಅದಕ್ಕೆ ಇಲ್ಲಿಯ ಆರ್.ಟಿ.ಓ. ಕಚೇರಿಯಿಂದ ಹರಕತ್ತಿಲ್ಲವೆಂಬ ಪತ್ರ ಬೇಕು. ಕೊಡುವುದೇ ಆದರೆ ಅಳಿಯನ ಊರಿನ ನಂಬರಿನಲ್ಲೇ ತೆಗೆಸಿಕೊಡಿ.

ಚೊಚ್ಚಲ ಬಾಣಂತನ ತವರಿನಲ್ಲಿ ಆಗುವುದು ನಮ್ಮ ಪದ್ಧತಿ. ಬಸುರಿ ಏಳನೆಯ ತಿಂಗಳವರೆಗೆ ಅಲ್ಲಿಯ ಆಶಾ ಕಾರ್ಯಕರ್ತೆಯ ಲೆಕ್ಕದಲ್ಲಿ ಇರುತ್ತಾಳೆ, ಕುಪ್ಪಸ ಮಾಡಿ ಕರೆದುಕೊಂಡು ಬಂದ ಮೇಲೆ ಇಲ್ಲಿಯವರ ಲೆಕ್ಕಕ್ಕೆ ಬರುತ್ತಾಳೆ. ಅಲ್ಲಿಯ ಕಾರ್ಡನ್ನು ಮರೆಯದೆ ತರಿಸಿಕೊಳ್ಳಿ, ಅದರಲ್ಲಿಯ ನೋಂದಣಿ ನಂಬರನ್ನು ಇಲ್ಲಿಯ ಆಸ್ಪತ್ರೆಯಲ್ಲಿ ತೋರಿಸಿ. ಯಾವ ಚುಚ್ಚುಮದ್ದು ಆಗಿದೆ, ರಕ್ತ ಎಷ್ಟಿದೆ, ಎಲ್ಲ ಅದರಲ್ಲಿರುತ್ತದೆ. ಮೊದಲ ಕೂಸಿಗೆ ಬರುವ ಮಾತೃವಂದನೆಯ 5000 ರೂಪಾಯಿ ಕೇಂದ್ರ ಸರಕಾರದ್ದು. ಅದಕ್ಕೆ ಒಂದೇ ಕಡೆ ಹೆಸರು ಹಚ್ಚಿದ್ದರೆ ಸಾಕು. ಕೂಸಿನ ಜನನ ಪತ್ರ ಹುಟ್ಟಿದ ಊರಿನಿಂದಲೇ ಬರುತ್ತದೆ. ಹೆಸರಿಟ್ಟ ಮೇಲೆ ಕೂಸಿನ ಹೆಸರನ್ನೂ ಅದರಲ್ಲಿ ಬರೆಸಿ, ಎರಡು ಮೂರು ಪ್ರತಿ ತೆಗೆದುಕೊಂಡೇ ಮಗಳನ್ನು ಕಳಿಸಿ. ಆರು ವರ್ಷದ ಮೇಲೆ ಶಾಲೆಗೆ ಹಾಕುವಾಗ ಅಲ್ಲಿಂದ ಇಲ್ಲಿಗೆ ಓಡಾಡುವುದು ತಪ್ಪುತ್ತದೆ.

ಕನ್ನಡ ಶಾಲೆಯ ಮಕ್ಕಳು

ಜತ್ತ ತಾಲೂಕಿನಲ್ಲಿ ಸಾಂಗಲಿ ಜಿಲ್ಲಾ ಪರಿಷತ್ತು ನಡೆಸುವ ಕನ್ನಡ ಶಾಲೆಗಳು ಬಹಳ ಇವೆ. ಕನ್ನಡದಲ್ಲಿ ಓದುತ್ತ ಮಕ್ಕಳು ಮರಾಠಿಯನ್ನೂ ಕಲಿಯುತ್ತಾರೆ. 2020ರ ಕಾಯಿದೆಯಿಂದ ಆ ರಾಜ್ಯದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ನನ್ನ ಕೇಳಿದರೆ ಅದರಲ್ಲಿ ಕೇಡೇನಿಲ್ಲ, ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮಿಗಳು ಎರಡೂ ಭಾಷೆಯಲ್ಲಿ ಪ್ರವಚನ ಹೇಳುತ್ತಿರಲಿಲ್ಲವೇ? ಆದರೆ 2024ರಲ್ಲಿ ಕೆಲವು ಕನ್ನಡ ಶಾಲೆಗಳಿಗೆ ಮರಾಠಿ ಶಿಕ್ಷಕರನ್ನು ಹಾಕಿದರು. ಕನ್ನಡ ಬಾರದ ಮಾಸ್ತರರು ಒಂದನೆಯ ಇಯತ್ತೆಯ ಕೂಸಿಗೆ ಅ ಆ ಇ ಈ ಹೇಗೆ ಕಲಿಸಬೇಕು? ಪಾಲಕರು ತಕರಾರು ಮಾಡಿದರು, ಕರ್ನಾಟಕದವರೂ ಪತ್ರ ಬರೆದರು.

ಅಂಥ ಶಾಲೆಯಲ್ಲಿ ಕಲಿತ ಹುಡುಗಿ ಮುಂದೆ ಓದಬೇಕೆಂದರೆ ವಿಜಯಪುರ ಹತ್ತಿರ. ತಿಕೋಟಾ ಕಡೆಯಿಂದ ಬರುವಾಗ ಊರು ಮುಟ್ಟುವ ಮೊದಲೇ ತೊರವಿಯಲ್ಲಿ 2003ರಲ್ಲಿ ಸುರುವಾದ ಮಹಿಳಾ ವಿಶ್ವವಿದ್ಯಾಲಯವಿದೆ, ಈಗ ಅಕ್ಕಮಹಾದೇವಿಯ ಹೆಸರಿನದು. ಬೇರೆ ರಾಜ್ಯದ ಬೋರ್ಡಿನಿಂದ ಬಂದವರು ವಲಸೆ ಪತ್ರ, ಅರ್ಹತಾ ಪತ್ರ ಎಂದು ಎರಡು ಕಾಗದ ಹೆಚ್ಚಿಗೆ ತರಬೇಕು. ಪರೀಕ್ಷೆಯ ಫಲಿತಾಂಶ ಬಂದ ದಿನವೇ ಅದಕ್ಕೆ ಅರ್ಜಿ ಹಾಕಿಬಿಡಿ, ಕಡೆಯ ವಾರದಲ್ಲಿ ಓಡಾಡಿದರೆ ಸಿಗುವುದಿಲ್ಲ.

ಡಾಕ್ಟರು, ಎಂಜಿನಿಯರು ಓದಬೇಕೆನ್ನುವ ಮಕ್ಕಳ ತಾಯಂದಿರು ಇದೊಂದನ್ನು ಗುರುತು ಹಾಕಿಟ್ಟುಕೊಳ್ಳಿ. ಕರ್ನಾಟಕದ ಸಿ.ಇ.ಟಿ. ಸೀಟುಗಳಿಗೆ ಗಡಿನಾಡ ಕನ್ನಡಿಗರೆಂದು ಬೇರೆ ಒಂದು ಕಲಮು ಇದೆ. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ ತಾಲೂಕುಗಳು, ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು, ಇಷ್ಟೂ ಹೆಸರು ಅದರಲ್ಲಿ ಬರೆದಿವೆ. ಅಲ್ಲಿಯ ನಿವಾಸಿಗಳಾಗಿ ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯಾಗಿದ್ದವರು ಒಂದು ಕನ್ನಡ ಪರೀಕ್ಷೆ ಬರೆದು ಪಾಸಾಗಬೇಕು. ಮರಾಠಿ ಶಾಲೆಗೆ ಹಾಕಿದರೆ ಭವಿಷ್ಯವಿದೆ, ಕನ್ನಡದಿಂದ ಏನು ಬರುತ್ತದೆ ಎಂದು ಮಗುವಿಗೆ ಕನ್ನಡ ಅಕ್ಷರವನ್ನೇ ಕಲಿಸದೆ ಬಿಟ್ಟ ಮನೆಗಳಲ್ಲಿ ಹನ್ನೆರಡನೆಯ ಇಯತ್ತೆಗೆ ಬಂದಾಗ ಕೈ ಕೈ ಹಿಸುಕಿಕೊಳ್ಳುತ್ತಾರೆ. ಯಾವ ಶಾಲೆಗಾದರೂ ಹಾಕಿ, ಮನೆಯಲ್ಲಿ ದಿನಕ್ಕೆ ಅರ್ಧ ತಾಸು ಕನ್ನಡ ಓದಿಸಿ. ಷರತ್ತುಗಳು ವರ್ಷ ವರ್ಷ ಬದಲಾಗುವುದುಂಟು, ಆಯಾ ವರ್ಷದ ಮಾಹಿತಿ ಪುಸ್ತಕ ಓದದೆ ಅರ್ಜಿ ತುಂಬಬೇಡಿ.

ದ್ರಾಕ್ಷಿಯ ವ್ಯವಹಾರ

ಕಾಗದದ ಮಾತು ಸಾಕಾಯಿತೇ? ಇನ್ನು ಸಿಹಿಯ ಕಡೆಗೆ ಹೋಗೋಣ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತಿಕೋಟಾ ಸುತ್ತ ದ್ರಾಕ್ಷಿಯ ಪಡಗಳಲ್ಲಿ ಸುಗ್ಗಿ. ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟು ಮತ್ತು ಒಂದು ತರದ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಯ ಮೇಲೆ ಹರವುತ್ತಾರೆ. ಎಣ್ಣೆಯ ನೀರು ಹಣ್ಣಿನ ಮೇಲಿನ ಮೇಣವನ್ನು ಸಡಿಲಿಸುತ್ತದೆ, ಬೇಗ ಒಣಗುತ್ತದೆ. ಎರಡು ವಾರದ ಸುಮಾರಿಗೆ ಒಣದ್ರಾಕ್ಷಿ ಆಗುತ್ತದೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ. ನಡುವೆ ಅಕಾಲದ ಒಂದು ಮಳೆ ಬಿದ್ದರೆ ಬಣ್ಣ ಕಪ್ಪಾಗಿ ದರ ಅರ್ಧಕ್ಕೆ ಬರುತ್ತದೆ. ಕಡ್ಡಿ ತೆಗೆಯುವುದು, ಬಣ್ಣದ ಪ್ರಕಾರ ಬೇರೆ ಮಾಡುವುದು ಎಲ್ಲ ಹೆಂಗಸರ ಕೈಯಲ್ಲೇ. ಜತ್ತದ ಕಡೆಯವರು ಇಲ್ಲಿಗೆ ಬರುತ್ತಾರೆ, ಇಲ್ಲಿಯವರು ಅಲ್ಲಿಗೆ ಹೋಗುತ್ತಾರೆ, ಎಲ್ಲಿ ಪಗಾರ ಹತ್ತು ರೂಪಾಯಿ ಹೆಚ್ಚೋ ಅಲ್ಲಿಗೆ.

ಒಣಗಿದ ಮಾಲು ವಿಜಯಪುರದ ಪೇಟೆಗೂ ಹೋಗುತ್ತದೆ, ಗಡಿ ದಾಟಿ ತಾಸಗಾವ, ಸಾಂಗಲಿಯ ಲಿಲಾವಿಗೂ ಹೋಗುತ್ತದೆ. ಅಲ್ಲಿ ಅದರ ಹೆಸರು ಬೇದಾಣಾ. ಹಿಂದೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸರಕು ಹೋಗುವಾಗ ಬೇರೆ ತೆರಿಗೆ, ನಾಕಾದಲ್ಲಿ ಲಾರಿಯ ಸಾಲು, ಚೀಟಿಯ ಮೇಲೆ ಚೀಟಿ ಇತ್ತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಅದು ಹೋಯಿತು. ಬ್ರಿಟನ್ನಿನವರು ಇದ್ದ ದಾರಿಗೆ ಬಾಗಿಲು ಹಾಕಿಕೊಳ್ಳಲು ಹೊರಟ ಕಾಲಕ್ಕೆ ನಮ್ಮಲ್ಲಿ ನಾಕಾ ಕಿತ್ತರು ನೋಡಿ. ಈಗ 50,000 ರೂಪಾಯಿ ಮೀರಿದ ಮಾಲಿಗೆ ಇ-ವೇ ಬಿಲ್ಲು ಇರಬೇಕೆಂಬ ನಿಯಮವಿದೆ. ರೈತ ತಾನೇ ಬೆಳೆದು ಒಣಗಿಸಿ ಮಾರಿದ ಒಣದ್ರಾಕ್ಷಿಗೆ ಜಿ.ಎಸ್.ಟಿ. ಇದೆಯೋ ಇಲ್ಲವೋ ಎಂಬ ಗೊಂದಲವಿತ್ತು. 2024ರ ಡಿಸೆಂಬರಿನ ಜಿ.ಎಸ್.ಟಿ. ಮಂಡಳಿಯ ಸಭೆ ಇಲ್ಲವೆಂದು ಸ್ಪಷ್ಟ ಮಾಡಿತು. ವ್ಯಾಪಾರಿ ನಿಮ್ಮ ಯಜಮಾನರ ಪಟ್ಟಿಯಲ್ಲಿ ಆ ಹೆಸರಿನಿಂದ ಹಣ ಮುರಿದಿದ್ದರೆ ಕೇಳಿ ನೋಡಿ. ಮನೆಯ ಲೆಕ್ಕ ಬರೆಯುವವರು ನೀವೇ ತಾನೆ?

ನೀರಿನ ಮಾತು ಬಿಟ್ಟರೆ ಜತ್ತದವರು ಬೈದಾರು. ಆ ತಾಲೂಕಿನ ಪೂರ್ವ ಭಾಗ ಹನಿ ನೀರಿಗೆ ಬಾಯಿ ಬಿಡುವ ಸೀಮೆ. ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆಂದು ಅಲ್ಲಿಯ ಪಂಚಾಯತಿಗಳು ಠರಾವು ಮಾಡಿದ್ದವು, 2022ರ ನವೆಂಬರಿನಲ್ಲಿ ಆ ಮಾತು ಮತ್ತೆ ಎದ್ದು ಎರಡೂ ರಾಜ್ಯದಲ್ಲಿ ಗದ್ದಲವಾಯಿತು. ಅದೇ ಹೊತ್ತಿಗೆ ನಮ್ಮ ತುಬಚಿ-ಬಬಲೇಶ್ವರ ಏತ ನೀರಾವರಿಯ ಕೃಷ್ಣೆಯ ನೀರು ಗಡಿ ದಾಟಿ ತಿಕ್ಕುಂಡಿಯ ಕೆರೆ ತುಂಬಿತು. ಮಹಾರಾಷ್ಟ್ರದವರು ತಮ್ಮ ಮ್ಹೈಸಾಳ ಯೋಜನೆಯ ನೀರನ್ನು ಈ ಹಳ್ಳಿಗಳವರೆಗೆ ಮುಟ್ಟಿಸುವ ಕೆಲಸಕ್ಕೆ ಹಣ ತೆಗೆದಿಟ್ಟರು. ಕೊಡ ಹೊತ್ತವಳಿಗೆ ಯಾವ ಸರಕಾರದ ನೀರಾದರೇನು, ಕೆರೆ ತುಂಬಬೇಕು.

ತಿಕೋಟಾದ ಬಸ್ ಸ್ಟ್ಯಾಂಡಿನಲ್ಲಿ ಈಚೆಗೆ ಒಬ್ಬ ತಾಯಿ ಮಗಳನ್ನು ಕಳಿಸಲು ಬಂದಿದ್ದರು. ಬಾಣಂತನ ಮುಗಿದು ಐದು ತಿಂಗಳ ಕೂಸಿನೊಡನೆ ಮಗಳು ಗಡಿಯಾಚೆಯ ಅತ್ತೆಮನೆಗೆ ಹೊರಟಿದ್ದಳು. ಚೀಲದಲ್ಲಿ ಕೂಸಿನ ಕುಂಚಿಗೆ, ಅಂಟಿನುಂಡಿಯ ಡಬ್ಬಿ, ಡಬ್ಬಿಯ ಕೆಳಗೆ ಒಂದು ಪ್ಲಾಸ್ಟಿಕ್ ಫೈಲು. ಮಗಳು ಜಾಗ ಸಾಲದೆಂದು ಫೈಲನ್ನು ತೆಗೆದು ಸೀಟಿನ ಮೇಲಿಟ್ಟಳು. ತಾಯಿ ಅದನ್ನು ಎತ್ತಿ ಮತ್ತೆ ಚೀಲದ ತಳಕ್ಕೇ ತುರುಕಿ ಗದರಿಸಿದರು: “ಉಂಡಿ ತೀರಿದ್ರ ಮತ್ತ ಕಟ್ಟಿ ಕಳಸ್ತೀನಿ. ಇದು ಕಳದ್ರ ನಾ ಎಲ್ಲಿಂದ ತರ್ಲಿ?”